ಅಚ್ಚಿನ ತಪ್ಪಿಗೊಂದು ಡಬ್ಬಿ ಕುಂದಾ

ಅಚ್ಚಾದ ಅಕ್ಷರದಲ್ಲಿ ನಮ್ಮ ಜನರಿಗಿರುವ ಭಕ್ತಿ ದೊಡ್ಡದು. ಎದುರಿಗೆ ನಿಂತ ಮನುಷ್ಯನ ಮಾತನ್ನು ನಾವು ನೂರು ವಿಧವಾಗಿ ಸಂಶಯಿಸುತ್ತೇವೆ. ಅದೇ ಮಾತು ಹಾಳೆಯ ಮೇಲೆ ಅಚ್ಚಾಗಿ ಬಂದಿತೆಂದರೆ ಕೈಮುಗಿದು ಒಪ್ಪಿಕೊಳ್ಳುತ್ತೇವೆ. ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ನಂದಗಡವೆಂದು ಫಲಕ ಹೊತ್ತ ಬಸ್ಸು ಖಾನಾಪುರದ ಮೇಲೆಯೇ ಹೋಗುತ್ತದೆ. ಕಂಡಕ್ಟರನು ಬಾಗಿಲಲ್ಲಿ ನಿಂತು 'ಖಾನಾಪುರ, ಖಾನಾಪುರ' ಎಂದು ಗಂಟಲು ಹರಿದುಕೊಳ್ಳುತ್ತಾನೆ. ಆದರೂ ಪರಸ್ಥಳದ ಪ್ರಯಾಣಿಕನು ಫಲಕವನ್ನು ನೋಡಿ, ತಲೆಯಲ್ಲಾಡಿಸಿ, ಹಿಂದೆ ಸರಿಯುತ್ತಾನೆ. ಕಂಡಕ್ಟರನ ಕೂಗಿಗಿಂತ ಬಣ್ಣದ ಅಕ್ಷರ ಅವನಿಗೆ ಹೆಚ್ಚು ಪ್ರಮಾಣ.

ಇಂಥವರನ್ನು ಕಂಡು ನಗುವ ಅಧಿಕಾರ ನನಗಿಲ್ಲ. ನಾನು ಕನ್ನಡ ಎಂ.ಎ. ಮಾಡಿಕೊಂಡು ಬೆಳಗಾವಿಯ ಒಂದು ಕಾಲೇಜಿನಲ್ಲಿ ಹತ್ತು ವರ್ಷಗಳಿಂದ ಪಾಠ ಹೇಳುತ್ತಿರುವವನು. ಈ ಹತ್ತು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ವಾಕ್ಯ ಯಾವುದೆಂದು ಲೆಕ್ಕ ತೆಗೆದರೆ, 'ಪುಸ್ತಕದಲ್ಲಿ ಏನಿದೆ, ಅದನ್ನು ಹೇಳು' ಎಂಬುದೇ ಆಗಿರಬೇಕು. ಸಾಲದುದಕ್ಕೆ ನನ್ನದೇ ಒಂದು ಕೈಪಿಡಿಯೂ ಅಚ್ಚಾಗಿದೆ. ಹಳಗನ್ನಡ ಪಠ್ಯದ ಕಠಿಣ ಪದಗಳಿಗೆ ಅರ್ಥ ಕೊಡುವಂಥದು. ಅದರ ಸಂಗತಿಯನ್ನು ಕಡೆಯಲ್ಲಿ ಹೇಳುತ್ತೇನೆ. ಹೇಳಲು ನಾಚಿಕೆಯಾಗುವುದೆಂದೇ ಕಡೆಗೆ ಇಟ್ಟಿದ್ದೇನೆ.

ಕಳೆದ ಮಳೆಗಾಲದ ಒಂದು ಭಾನುವಾರ ಅಕ್ಕನನ್ನು ನೋಡಿ ಬರೋಣವೆಂದು ಖಾನಾಪುರಕ್ಕೆ ಹೋದೆ. ಮಲಪ್ರಭೆ ತುಂಬಿ ಕೆಂಪಾಗಿ ಹರಿಯುತ್ತಿದ್ದಳು. ಕೊಡೆ ಮಡಿಸುತ್ತ ಅಂಗಳಕ್ಕೆ ಕಾಲಿಟ್ಟಾಗ ಅಕ್ಕ ಬಾಗಿಲಲ್ಲಿಯೇ ಎದುರಾದಳು. ಎಂದಿನಂತೆ ಅವಳ ಮುಖದಲ್ಲಿ ನಗೆಯಿರಲಿಲ್ಲ.

"ಛಲೋ ಆತು ಬಂದಿ. ನಿನ್ನ ಅಳಿಯಾ ಎರಡ ದಿನದಿಂದ ಸರಿಯಾಗಿ ಒಂದ ತುತ್ತು ತಿಂದಿಲ್ಲ. ಕಾಲೇಜ ಬಿಡತೀನಿ ಅಂತಾನು. ನೀನರ ಕೇಳು, ತಮ್ಮಾ."

ನನ್ನ ಎದೆ ಧಸಕ್ಕೆಂದಿತು. ಭಾವನು ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ೧೯೯೮ರಲ್ಲಿ ಹುಟ್ಟಿ ಬೆಳಗಾವಿಯಲ್ಲಿಯೇ ನೆಲಸಿದಂದಿನಿಂದ, ನಮ್ಮ ಕಡೆಯ ಬಡವರೂ ಮಗನನ್ನು ಎಂಜಿನಿಯರನನ್ನಾಗಿ ಕಾಣುವ ಆಸೆ ಹೊತ್ತಿದ್ದಾರೆ. ಭಾವನೂ ಆ ಆಸೆಗಾಗಿ ಸಾಲ ಮಾಡಿದ್ದಾನೆ. ಹುಡುಗ ಮೂರು ವರ್ಷಗಳಿಂದ ದಿನವೂ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಬಂದು ಗಣಕಶಾಸ್ತ್ರ ಓದುತ್ತಿದ್ದಾನೆ. ಅಂಥವನು ಬಿಡುತ್ತೇನೆಂದರೆ ಅದು ಸಣ್ಣ ಮಾತಲ್ಲ.

ಒಳಕೋಣೆಯಲ್ಲಿ ಅವನು ಲ್ಯಾಪ್‌ಟಾಪಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದುವು.

"ಮಾಮಾ, ನನಗ ಈ ವಿದ್ಯಾ ಬರೂದಿಲ್ರಿ" ಎಂದ. "ಪುಸ್ತಕದಾಗ ಬರದಂಗ ಮಾಡೀನಿ. ಎಲ್ಲಾರಿಗೂ ಆಗತೈತಿ, ನನಗಷ್ಟ ಆಗವಲ್ದು. ಅಂದರ ನನ್ನ ತಲಿನ ಸರಿ ಇಲ್ಲ."

"ಏನ ಮಾಡಿದಿ ಅನ್ನೂದು ನನಗ ತಿಳಿಯೂ ಹಂಗ ಹೇಳು. ನಾ ಕನ್ನಡ ಮಾಸ್ತರ ಅನ್ನೂದು ನೆನಪಿರಲಿ" ಎಂದೆ.

ಒಲ್ಲದ ಮನಸ್ಸಿನಿಂದ ಅವನು ಹೇಳತೊಡಗಿದ. ನನಗೆ ತಿಳಿದಷ್ಟನ್ನು ಇಲ್ಲಿ ವಾಚಕರಿಗೂ ಹೇಳುತ್ತೇನೆ.

ಗಣಕಯಂತ್ರವು ನಾವು ಕೊಟ್ಟ ಆಜ್ಞೆಗಳನ್ನು ರೆಪ್ಪೆ ಮಿಟುಕಿಸುವಷ್ಟರಲ್ಲಿ ಲಕ್ಷಗಟ್ಟಲೆ ನಡೆಸಿಬಿಡುತ್ತದೆ. ಅವುಗಳಲ್ಲಿ ಎಲ್ಲಿಯೋ ಒಂದು ತಪ್ಪಿದ್ದರೆ, ಆ ಓಟದಲ್ಲಿ ಅದನ್ನು ಹಿಡಿಯುವುದು ಮನುಷ್ಯನ ಅಳವಲ್ಲ. ಅದಕ್ಕೆಂದೇ ಡಿಬಗ್ಗರ್ ಎಂಬ ಇನ್ನೊಂದು ಸಾಧನವಿದೆ. 'ಇಂಥ ಸಾಲಿಗೆ ಬಂದಾಗ ನಿಲ್ಲು' ಎಂದು ಅದಕ್ಕೆ ಹೇಳಿಟ್ಟರೆ ಓಟ ಅಲ್ಲಿ ನಿಲ್ಲುತ್ತದೆ. ಆಗ ಯಾವ ಲೆಕ್ಕ ಎಷ್ಟಾಗಿದೆ ಎಂದು ಸಾವಕಾಶವಾಗಿ ನೋಡಬಹುದು. ಆ ನಿಲುಗಡೆಯ ಹೆಸರು ಬ್ರೇಕ್‌ಪಾಯಿಂಟ್. ತಿಳಕವಾಡಿಯ ರೈಲ್ವೆ ಗೇಟಿನಲ್ಲಿ ನಿಂತವರಿಗೆ ಇದು ಬೇಗ ತಿಳಿದೀತು. ಗೇಟು ಬಿದ್ದು ದಾರಿ ನಿಂತಾಗಲೇ ಅಲ್ಲವೆ, ಪಕ್ಕದ ರಿಕ್ಷಾದಲ್ಲಿ ನಮಗೆ ಸಾಲ ಕೊಡಬೇಕಾದವನು ಕುಳಿತಿರುವುದು ಕಾಣುವುದು?

ಈ ಹೆಸರಿಗೂ ಒಂದು ಕಥೆಯಿದೆಯೆಂದು ಹುಡುಗ ಹೇಳಿದ. ಅಮೆರಿಕದಲ್ಲಿ ೧೯೪೬ರಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಎಂಬ ಮಹಾಯಂತ್ರದಲ್ಲಿ ಆಜ್ಞೆಗಳೆಲ್ಲ ತಂತಿಗಳ ಜೋಡಣೆಯಾಗಿದ್ದುವು. ಲೆಕ್ಕ ಒಂದೆಡೆ ನಿಲ್ಲಬೇಕೆಂದರೆ ಅಲ್ಲಿಯ ತಂತಿಯನ್ನು ಕಿತ್ತುಬಿಡುತ್ತಿದ್ದರು. ಆ ಯಂತ್ರವನ್ನು ನಡೆಸಿದ ಗಣಿತಜ್ಞೆಯರಲ್ಲಿ ಒಬ್ಬಳಾದ ಬೆಟ್ಟಿ ಹೋಲ್ಬರ್ಟನ್ ಈ ಉಪಾಯವನ್ನು ಕಂಡುಹಿಡಿದಳೆಂದು ಹೇಳುತ್ತಾರೆ. ೧೯೪೭ರ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನ ಇನ್ನೊಂದು ಯಂತ್ರದೊಳಗೆ ಸಿಕ್ಕಿಬಿದ್ದ ಒಂದು ಪತಂಗವನ್ನು ತೆಗೆದು, ದಿನಚರಿಯ ಪುಟಕ್ಕೆ ಅಂಟಿಸಿಟ್ಟಿದ್ದಾರಂತೆ. ಯಂತ್ರದ ದೋಷಕ್ಕೆ 'ಹುಳು' ಎಂಬ ಹೆಸರು ಅದಕ್ಕಿಂತ ಹಳೆಯದು. ಆದರೆ ನಿಜವಾದ ಹುಳುವೇ ಸಿಕ್ಕಿತೆಂದು ಅವರು ನಕ್ಕಿರಬೇಕು.

ಈಗ ತಂತಿ ಕೀಳುವ ಕಾಲ ಹೋಗಿದೆ. ನಿಲ್ಲಬೇಕಾದ ಸ್ಥಳದಲ್ಲಿ ಇರುವ ಆಜ್ಞೆಯ ಮೊದಲ ತುಣುಕನ್ನು ಡಿಬಗ್ಗರ್ ತೆಗೆದಿಟ್ಟುಕೊಂಡು, ಅಲ್ಲಿ 'ನಿಲ್ಲು' ಎಂಬ ತನ್ನ ತುಣುಕನ್ನು ಕೂರಿಸುತ್ತದೆ. ನೋಡುವುದು ಮುಗಿದ ಮೇಲೆ ಹಳೆಯದನ್ನೇ ನಡೆಸಿ ಮುಂದಕ್ಕೆ ಬಿಡುತ್ತದೆ. ಇದನ್ನು ಕೇಳಿ ನನಗೆ ಹಿಗ್ಗಾಯಿತು. ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬಂದು ಕೂರುವುದಕ್ಕೆ ನಮ್ಮ ವ್ಯಾಕರಣದಲ್ಲಿ ಆದೇಶವೆಂದೇ ಹೆಸರು!

"ಇಷ್ಟ ಛಂದ ತಿಳದೈತಿ ನಿನಗ. ಮತ್ತ ಬರೂದಿಲ್ಲ ಅಂತಿಯಲ್ಲೋ?" ಎಂದೆ.

ಅವನು ತನ್ನ ತೊಡಕನ್ನು ಬಿಚ್ಚಿಟ್ಟ. ಕಾಲೇಜಿಗೆ ಒಪ್ಪಿಸಬೇಕಾದ ಕೆಲಸಕ್ಕಾಗಿ ಅವನು ಮಳೆಯ ಲೆಕ್ಕ ಬರೆದಿದ್ದ. ಒಂದು ವರ್ಷದ ೩೬೫ ದಿನಗಳ ಮಳೆಯ ಅಂಕಿಗಳನ್ನು ಒಂದೊಂದಾಗಿ ಓದಿ ಕೂಡಿಸುವ ಕೆಲಸ. ಕೊನೆಗೆ ಬರುವ ಮೊತ್ತ ತಪ್ಪಾಗುತ್ತಿತ್ತು. ಮುಂಗಾರು ಹಿಡಿದ ಮೇಲೆ ಮೊದಲ ದೊಡ್ಡ ಮಳೆಯ ದಿನದಲ್ಲಿ ಯಂತ್ರವನ್ನು ನಿಲ್ಲಿಸಿ, ಅಲ್ಲಿಯವರೆಗಿನ ಮೊತ್ತ ಸರಿಯಿದೆಯೇ ಎಂದು ನೋಡಬೇಕೆಂದುಕೊಂಡ. ಅದಕ್ಕಾಗಿ ನಿಲುಗಡೆಗೆ ಎರಡು ಕಟ್ಟು ಹಾಕಿದ. ಒಂದು ಷರತ್ತು: ಮಳೆ ೧೦೦ ಮಿಲಿಮೀಟರಿಗಿಂತ ಹೆಚ್ಚಾಗಿದ್ದರೆ ಮಾತ್ರ ನಿಲ್ಲು. ಇನ್ನೊಂದು ಬಿಡುವ ಲೆಕ್ಕ: ಮೊದಲ ೧೫೧ ಸಲ ಬಿಟ್ಟುಬಿಡು. ಜನವರಿಯಿಂದ ಮೇ ಕಡೆಯವರೆಗೆ ಸರಿಯಾಗಿ ೧೫೧ ದಿನಗಳು.

ಆ ಸಾಧನದೊಡನೆ ಬಂದ ವಿವರಣ ಗ್ರಂಥದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಿಡುವ ಲೆಕ್ಕ ಮುಗಿಯುವ ತನಕ ಷರತ್ತನ್ನು ಪರೀಕ್ಷಿಸುವುದಿಲ್ಲ, ಮುಗಿದ ಮೇಲೆಯೇ ಪರೀಕ್ಷೆ ಪ್ರಾರಂಭ. ಅಂದರೆ ಜೂನ್ ಒಂದರಿಂದ ಯಂತ್ರ ಕಣ್ಣು ತೆರೆದು, ಮೊದಲ ದೊಡ್ಡ ಮಳೆಗೆ ನಿಲ್ಲಬೇಕು. ಆದರೆ ಅದು ಎಲ್ಲಿಯೂ ನಿಲ್ಲಲಿಲ್ಲ! ಡಿಸೆಂಬರ್ ೩೧ನ್ನೂ ದಾಟಿ ಓಡಿ ಮುಗಿಸಿಬಿಟ್ಟಿತು. ಹತ್ತು ಸಲ ಮಾಡಿದರೂ ಅಷ್ಟೆ.

ಇನ್ನು ಹುಡುಗ ಏನು ಮಾಡಿದನೆಂದು ಕೇಳಿ. ಗ್ರಂಥದಲ್ಲಿ ತಪ್ಪಿರಬಹುದೆಂದು ಅವನಿಗೆ ಕನಸಿನಲ್ಲಿಯೂ ಹೊಳೆಯಲಿಲ್ಲ. ಹಾಗಾದರೆ ತನ್ನ ಬರವಣಿಗೆಯೇ ತಪ್ಪೆಂದು ಬಗೆದು, ಎರಡು ರಾತ್ರಿ ಕುಳಿತು ಅದನ್ನು ಹನ್ನೆರಡು ಕಡೆ ತಿದ್ದಿದ್ದ. ಅಂಕಿಗಳನ್ನು ಸರಿಯಾಗಿ ಓದುತ್ತಿದ್ದ ಭಾಗವೂ ಕೆಟ್ಟುಹೋಗಿತ್ತು. ಮೊದಲು ಇದ್ದ ದೋಷ ಒಂದೇ; ಈಗ ಎಷ್ಟಾಗಿದ್ದುವೋ ಅವನಿಗೇ ತಿಳಿಯದು. ತಪ್ಪು ಪುಸ್ತಕದ ಕೇಡು ಇಷ್ಟು ದೂರ ಹರಿಯುತ್ತದೆಂದು ನಾನು ಎಣಿಸಿರಲಿಲ್ಲ: ಅದು ತಾನು ಕೆಟ್ಟಿರುವುದಲ್ಲದೆ, ಸರಿಯಿದ್ದುದನ್ನು ನಮ್ಮ ಕೈಯಿಂದಲೇ ಕೆಡಿಸುತ್ತದೆ.

ನನಗೆ ಯಂತ್ರದ ಗಂಧವಿಲ್ಲ. ಆದರೆ ವಾಕ್ಯವನ್ನು ಒಡೆದು ನೋಡುವುದು ನನ್ನ ಕಸುಬು. ಎರಡು ವಿಧಿಗಳು ಒಂದೇ ಕಡೆ ಬಂದಾಗ ಮೊದಲು ನಡೆಯತಕ್ಕದ್ದು ಯಾವುದು ಎಂಬ ಪ್ರಶ್ನೆ ವ್ಯಾಕರಣ ಓದಿದವನಿಗೆ ತಾನಾಗಿ ಏಳುತ್ತದೆ. ಅವನಿಗೆ ಒಂದು ದೃಷ್ಟಾಂತ ಹೇಳಿದೆ.

"ನಿನ್ನ ಬೆಳಗಾವಿ ಸ್ಟ್ಯಾಂಡಿಗೆ ನಿಂದರಿಸಿ ಎರಡ ಮಾತ ಹೇಳತೀನಿ ಅಂತ ತಿಳಿ. ಮೂರ ಬಸ್ ಬಿಡು, ಖಾನಾಪುರದ ಬಸ್ ಹತ್ತು. ನೀ ಏನ ಮಾಡತಿ?"

"ಮೊದಲ ಬಂದ ಮೂರು ಬಿಡತೀನ್ರಿ. ಆಮ್ಯಾಲೆ ಖಾನಾಪುರದ್ದು ಯಾವುದ ಬರತೈತಿ, ಅದನ್ನ ಹತ್ತತೀನಿ."

"ಇನ್ನೊಬ್ಬ ಇರತಾನು. ಅಂವಾ ಧಾರವಾಡದ ಬಸ್ಸು, ಗೋಕಾಕದ ಬಸ್ಸು ಲೆಕ್ಕಕ್ಕ ಹಿಡಿಯೂದಿಲ್ಲ. ಖಾನಾಪುರದ್ದ ಮೂರು ಬಿಟ್ಟು ನಾಕನೇದ್ದು ಹತ್ತತಾನು. ನೀ ಊಟದ ಹೊತ್ತಿಗೆ ಮನಿಗೆ ಬಂದರ, ಅಂವಾ ದೀಪಾ ಹಚ್ಚೂ ಹೊತ್ತಿಗೆ ಬರತಾನು. ನಿನ್ನ ಯಂತ್ರ ಯಾರ ಹಂಗ ಮಾಡಾಕತ್ತೈತಿ?"

ಹುಡುಗ ಥಟ್ಟನೆ ತಲೆಯೆತ್ತಿದ. ನಾನು ಹೇಳಬೇಕಾದ್ದು ಇನ್ನೇನೂ ಉಳಿಯಲಿಲ್ಲ. ಮಳೆಯ ಲೆಕ್ಕವನ್ನು ಬದಿಗಿಟ್ಟು, ಒಂದರಿಂದ ಹತ್ತರವರೆಗೆ ಎಣಿಸುವ ನಾಲ್ಕು ಸಾಲನ್ನು ಬರೆದ. ಷರತ್ತು: ಸಮಸಂಖ್ಯೆಯಾದರೆ ನಿಲ್ಲು. ಬಿಡುವ ಲೆಕ್ಕ: ಮೂರು. ಗ್ರಂಥದ ಮಾತು ನಿಜವಾದರೆ ೧, ೨, ೩ ಹೋಗಿ ಯಂತ್ರ ೪ರಲ್ಲಿ ನಿಲ್ಲಬೇಕು. ಷರತ್ತೇ ಮೊದಲಾದರೆ ೨, ೪, ೬ ಮಾತ್ರ ಲೆಕ್ಕಕ್ಕೆ ಬಂದು, ಅದು ೮ರಲ್ಲಿ ನಿಲ್ಲಬೇಕು.

ಗುಂಡಿ ಒತ್ತಿದ. ಯಂತ್ರ ೮ರಲ್ಲಿ ನಿಂತಿತು.

ಇಬ್ಬರೂ ಕ್ಷಣಕಾಲ ಮಾತಾಡಲಿಲ್ಲ. ಆ ಯಂತ್ರ ಷರತ್ತನ್ನೇ ಮೊದಲು ಕೇಳುತ್ತಿತ್ತು. ನೂರು ಮಿಲಿಮೀಟರು ದಾಟಿದ ದಿನಗಳನ್ನು ಮಾತ್ರ ಎಣಿಸಿ, ಅಂಥವು ೧೫೧ ಕಳೆಯಲೆಂದು ಕಾಯುತ್ತಿತ್ತು. ವರ್ಷಕ್ಕೆ ಅಷ್ಟು ದಿನ ಅಂಥ ಮಳೆಯಾದರೆ ಖಾನಾಪುರ ಊರಾಗಿ ಉಳಿಯದು, ಕೆರೆಯಾದೀತು! ಹುಡುಗ ಎರಡು ದಿನಗಳ ಮೇಲೆ ಮೊದಲ ಬಾರಿ ನಕ್ಕ. ಆಮೇಲೆ ತನ್ನ ಹನ್ನೆರಡು ತಿದ್ದುಪಡಿಗಳನ್ನು ತೆಗೆದುಹಾಕಿ ಹಳೆಯ ಪ್ರತಿಯನ್ನೇ ಇಟ್ಟುಕೊಂಡ. ಬಿಡುವ ಲೆಕ್ಕದ ಗೊಡವೆಯೇ ಬೇಡವೆಂದು ಎರಡನ್ನೂ ಒಂದೇ ಷರತ್ತಿನಲ್ಲಿ ಸೇರಿಸಿದ: ದಿನದ ಸಂಖ್ಯೆ ೧೫೧ಕ್ಕಿಂತ ಹೆಚ್ಚಾಗಿರಬೇಕು, ಮಳೆಯೂ ೧೦೦ಕ್ಕಿಂತ ಹೆಚ್ಚಾಗಿರಬೇಕು. ಯಂತ್ರ ಜೂನ್ ತಿಂಗಳಲ್ಲಿ ಅಚ್ಚುಕಟ್ಟಾಗಿ ನಿಂತಿತು. ಅರ್ಧ ಗಂಟೆಯೊಳಗೆ ಮೂಲ ದೋಷ ಸಿಕ್ಕಿತು. ಅಂಕಿ ಬರೆಯದೆ ಖಾಲಿ ಬಿಟ್ಟಿದ್ದ ದಿನಗಳಿಗೆಲ್ಲ ಹಿಂದಿನ ದಿನದ ಮಳೆಯೇ ಮತ್ತೊಮ್ಮೆ ಸೇರುತ್ತಿತ್ತು.

ಅಕ್ಕ ರೊಟ್ಟಿ ಬಡಿದು ಕರೆದಳು. ಹುಡುಗ ನಾಲ್ಕು ರೊಟ್ಟಿ ತಿಂದ. ಅಕ್ಕ ನನ್ನ ಕಡೆ ನೋಡಿ ಏನೂ ಹೇಳದೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಉಂಡು ಕುಳಿತಾಗ ಹುಡುಗ ಕೇಳಿದ: "ಹಂಗಾರ ಮಾಮಾ, ತಪ್ಪು ಯಂತ್ರದ್ದೋ, ಪುಸ್ತಕದ್ದೋ?"

ಇದು ಸುಲಭದ ಪ್ರಶ್ನೆಯಲ್ಲ. ನಮ್ಮ ಶಾಸ್ತ್ರದಲ್ಲಿ ಲಕ್ಷ್ಯ, ಲಕ್ಷಣ ಎಂಬ ಎರಡು ಮಾತುಗಳಿವೆ. ಬಳಕೆಯಲ್ಲಿರುವ ನುಡಿ ಲಕ್ಷ್ಯ. ಅದನ್ನು ವಿವರಿಸುವ ಸೂತ್ರ ಲಕ್ಷಣ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಬರೆದುದಲ್ಲದೆ, ಅದಕ್ಕೆ ವೃತ್ತಿಯನ್ನೂ ತಾನೇ ಬರೆದು, ಕವಿಗಳ ಪ್ರಯೋಗಗಳನ್ನು ಸಾಕ್ಷಿಯಾಗಿ ತಂದು ನಿಲ್ಲಿಸಿದ. ಸಾಕ್ಷಿಯಿಲ್ಲದ ಸೂತ್ರ ನಿಲ್ಲದೆಂಬುದು ಅವನಿಗೆ ಗೊತ್ತಿತ್ತು. ಗಣಕದ ವಿವರಣ ಗ್ರಂಥವೂ ಲಕ್ಷಣವೇ ಸರಿ. ಲಕ್ಷ್ಯವೂ ಲಕ್ಷಣವೂ ಬೇರೆಯಾದಾಗ ತಿದ್ದಬೇಕಾದುದು ಯಾವುದು? ಯಂತ್ರವನ್ನು ಮಾಡಿದವರ ಉದ್ದೇಶವೇ ಗ್ರಂಥದಂತೆ ಇದ್ದರೆ ಯಂತ್ರವನ್ನು ತಿದ್ದಬೇಕು. ಆದರೆ ವರ್ಷಗಟ್ಟಲೆ ಜನ ಅದರ ಈಗಿನ ನಡತೆಯನ್ನೇ ನಂಬಿ ಕೆಲಸ ಮಾಡಿಕೊಂಡಿದ್ದರೆ, ಯಂತ್ರವನ್ನು ಬದಲಿಸಿದರೆ ಅವರೆಲ್ಲರ ಕೆಲಸ ಕೆಡುತ್ತದೆ. ಆಗ ಒಂದು ವಾಕ್ಯವನ್ನು ತಿದ್ದುವುದೇ ಲೇಸು. ಯಾವುದೇ ಆಗಲಿ, ಎರಡನ್ನೂ ಹಾಗೆಯೇ ಬಿಡುವುದು ಮಾತ್ರ ಸಲ್ಲದು.

"ಹಂಗಾರ ಅವರಿಗೆ ಬರೀಬೇಕಲ್ರಿ?" ಎಂದ ಹುಡುಗ. ಕೂಡಲೇ ಮತ್ತೆ ಕುಗ್ಗಿದ. "ನಮ್ಮಂಥವರ ಮಾತ ಯಾರ ಕೇಳತಾರ್ರಿ, ಖಾನಾಪುರದಾಗ ಕುಂತವರದು?"

"ಖಾನಾಪುರದಾಗೂ ಯಂತ್ರ ಎಂಟರೊಳಗ ನಿಂತೈತಿ, ಅಮೆರಿಕಾದಾಗೂ ಎಂಟರೊಳಗ ನಿಂದ್ರತೈತಿ" ಎಂದೆ.

ಇಬ್ಬರೂ ಕೂಡಿ ಕಾಗದ ಬರೆದೆವು. ಅವನ ಮೊದಲ ಕರಡಿನಲ್ಲಿ ಅವನು ಕಳೆದ ಎರಡು ರಾತ್ರಿಗಳ ದುಃಖವೆಲ್ಲ ತುಂಬಿತ್ತು. ಅದನ್ನೆಲ್ಲ ಹೊಡೆದುಹಾಕಿಸಿದೆ. ಗ್ರಂಥದ ಇಂಥ ಭಾಗದಲ್ಲಿ ಹೀಗೆ ಬರೆದಿದೆ. ಇಂಥ ನಾಲ್ಕು ಸಾಲನ್ನು ನಡೆಸಿದಾಗ ೪ರ ಬದಲು ೮ರಲ್ಲಿ ನಿಂತಿತು. ಸಾಧನದ ಆವೃತ್ತಿ ಇಂಥದು. ಇಷ್ಟೇ ಉಳಿಯಿತು. ಹಸ್ತಪ್ರತಿಯ ಪಾಠಾಂತರ ಕೊಡುವಾಗಲೂ ಇದೇ ನಿಯಮ: ಯಾವ ಪ್ರತಿ, ಯಾವ ಪುಟ, ಏನಿದೆ. ಸಂಪಾದಕನ ನಿಟ್ಟುಸಿರಿಗೆ ಅಲ್ಲಿ ಸ್ಥಳವಿಲ್ಲ.

ಬರೆಯುತ್ತ ಅವನು ಇನ್ನೊಂದು ಸಂಗತಿ ಹೇಳಿದ. ಅಮೆರಿಕದ ಡೊನಾಲ್ಡ್ ಕನೂತ್ ಎಂಬ ಪಂಡಿತರು ಗಣಕಶಾಸ್ತ್ರದ ಮೇಲೆ ಸಂಪುಟಗಟ್ಟಲೆ ಬರೆಯುತ್ತಿರುವವರು. ಮೊದಲ ಸಂಪುಟ ೧೯೬೮ರಲ್ಲಿ ಹೊರಬಂದಿತು. ತಮ್ಮ ಗ್ರಂಥದಲ್ಲಿ ತಪ್ಪೊಂದನ್ನು ಮೊದಲು ತೋರಿಸಿದವರಿಗೆ ಅವರು ೨ ಡಾಲರು ೫೬ ಸೆಂಟು ಬಹುಮಾನ ಕೊಡುತ್ತಾರೆ. ಗಣಕದವರು ಹದಿನಾರರ ಮಾನದಲ್ಲಿ ಎಣಿಸುವುದರಿಂದ ಹದಿನಾರು ಹದಿನಾರಲೆ ೨೫೬ ಎಂಬುದು ಅವರಿಗೆ ನಮ್ಮ ನೂರಿದ್ದಂತೆ. ಅವರ ಚೆಕ್ಕನ್ನು ಪಡೆದವರಲ್ಲಿ ಎಷ್ಟೋ ಜನ ಹಣ ಮಾಡಿಕೊಳ್ಳದೆ, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರಂತೆ. ೨೦೦೮ರಿಂದ ಅವರು ನಿಜವಾದ ಚೆಕ್ಕನ್ನು ಬಿಟ್ಟು, ಇಲ್ಲದ ಒಂದು ಬ್ಯಾಂಕಿನ ಹೆಸರಿನಲ್ಲಿ ಪ್ರಮಾಣಪತ್ರ ಕೊಡುತ್ತಿದ್ದಾರೆ. ಅದಕ್ಕೂ ಅಷ್ಟೇ ಬೇಡಿಕೆ. ತಪ್ಪು ತೋರಿಸಿದವನನ್ನು ಕಂಡು ಮುಖ ಗಂಟಿಕ್ಕುವ ನಮ್ಮಂಥ ಗ್ರಂಥಕರ್ತರು ಕೇಳಬೇಕಾದ ಮಾತಿದು.

ಸಂಜೆಯ ಬಸ್ಸಿನಲ್ಲಿ ಬೆಳಗಾವಿಗೆ ಹಿಂದಿರುಗುತ್ತಿದ್ದೆ. ಕಿಟಕಿಯ ಗಾಜಿನ ಮೇಲೆ ಮಳೆ ಹೊಡೆಯುತ್ತಿತ್ತು. ಹುಡುಗನನ್ನು ಉಳಿಸಿದೆನೆಂಬ ಹೆಮ್ಮೆ ದೇಸೂರು ದಾಟುವ ತನಕವೂ ನನ್ನೊಡನೆ ಇರಲಿಲ್ಲ. ನನ್ನ ಕೈಪಿಡಿ ನೆನಪಾಯಿತು.

ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಬದುಕು. ಎರಡು ಳಕಾರಗಳ ಭೇದ ಅಳಿದುಹೋದುದರಿಂದ ಇಂದಿನ ವಿದ್ಯಾರ್ಥಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಅದನ್ನು ತಿಳಿಸಲೆಂದೇ ನಾನು ಅವೆರಡನ್ನೂ ಒಂದರ ಕೆಳಗೊಂದು ಇರಿಸಿದ್ದೆ. ಅಚ್ಚಿನಲ್ಲಿ ಅರ್ಥಗಳು ಅದಲುಬದಲಾದುವು. ಕರಡು ತಿದ್ದಿದವನು ನಾನೇ. ರಾತ್ರಿಯ ನಿದ್ದೆಗಣ್ಣಿನಲ್ಲಿ ಕಾಣಲಿಲ್ಲ.

ಮರುವರ್ಷ ಕಾಲೇಜಿನ ಕಿರುಪರೀಕ್ಷೆಯಲ್ಲಿ ಅದೇ ಪದ ಬಂದಿತು. ಖಾನಾಪುರದ ಕಡೆಯ ಹಳ್ಳಿಯಿಂದ ದಿನವೂ ಬರುತ್ತಿದ್ದ ಒಬ್ಬ ಹುಡುಗಿ ಬಾಳ್ ಎಂದರೆ ಕತ್ತಿ ಎಂದು ಬರೆದಿದ್ದಳು. ಉಳಿದವರೆಲ್ಲ ಕೈಪಿಡಿಯಂತೆ ಬದುಕು ಎಂದು ಬರೆದಿದ್ದರು. ಉತ್ತರ ಪತ್ರಿಕೆಗಳ ರಾಶಿಯ ಮುಂದೆ ಕುಳಿತ ನಾನು ಕೈಪಿಡಿಯ ಪುಟವನ್ನು ತೆರೆದಿಟ್ಟುಕೊಂಡು ಅವಳ ಉತ್ತರಕ್ಕೆ ಕೆಂಪು ಗೀಟು ಎಳೆದೆ. ಎರಡು ಅಂಕ ಹೋಯಿತು. ಅವಳು ಬಂದು ಕೇಳಿದಳು: "ಸರ್, ಬಾಳ್ ಅಂದರ ಕತ್ತಿ ಅಲ್ಲೇನ್ರಿ?" ನಾನು ನನ್ನ ರೂಢಿಯ ವಾಕ್ಯವನ್ನೇ ಹೇಳಿದೆ: "ಪುಸ್ತಕದಲ್ಲಿ ಏನಿದೆ, ನೋಡು." ಅವಳು ನೋಡಿದಳು. ಮತ್ತೆ ಆ ಮಾತನ್ನು ಎತ್ತಲಿಲ್ಲ. ಆ ವರ್ಷ ತರಗತಿಯಲ್ಲಿ ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಒಂದು ತಿಂಗಳಾದ ಮೇಲೆ ಪಾಠಕ್ಕೆ ಸಿದ್ಧನಾಗುತ್ತಿರುವಾಗ ತಪ್ಪು ನನ್ನ ಕಣ್ಣಿಗೆ ಬಿತ್ತು. ನನ್ನ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಕೊಂಡೆ. ಯಾರಿಗೂ ಹೇಳಲಿಲ್ಲ. ಮುಂದಿನ ಮುದ್ರಣದಲ್ಲಿ ಸರಿಪಡಿಸಿದರಾಯಿತು ಎಂದುಕೊಂಡೆ. ಎರಡನೆಯ ಮುದ್ರಣವೂ ಅದೇ ತಪ್ಪಿನೊಡನೆ ಹೊರಬಂದಿತು; ಆ ತಪ್ಪನ್ನು ಬಲ್ಲವನು ನಾನೊಬ್ಬನೇ, ನಾನು ಪ್ರಕಾಶಕರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಅಳಿಯನ ಯಂತ್ರದ ಗ್ರಂಥ ಬರೆದವನಿಗೆ ತನ್ನ ತಪ್ಪು ತಿಳಿಯದೆ ಇದ್ದಿರಬಹುದು. ನನಗೆ ಆ ನೆಪವೂ ಇಲ್ಲ. ತನ್ನ ತಲೆಯೇ ಸರಿಯಿಲ್ಲವೆಂದು ಕುಗ್ಗಿ ಕುಳಿತ ಹುಡುಗನನ್ನು ಅಂದು ಖಾನಾಪುರದಲ್ಲಿ ಕಂಡಾಗಲೇ, ಆ ಹುಡುಗಿ ಮನೆಗೆ ಹೋಗಿ ಹೇಗೆ ಕುಳಿತಿದ್ದಿರಬೇಕೆಂಬುದು ನನಗೆ ತಿಳಿದದ್ದು.

ಸೋಮವಾರ ತರಗತಿಯಲ್ಲಿ ಕರಿಹಲಗೆಯ ಮೇಲೆ ಎರಡೂ ಪದಗಳನ್ನು ಬರೆದು, ಕೈಪಿಡಿ ತಪ್ಪು, ತಪ್ಪು ನನ್ನದು ಎಂದು ಹೇಳಿದೆ. ನಾನು ಎಣಿಸಿದಂತೆ ಆಕಾಶವೇನೂ ಕಳಚಿ ಬೀಳಲಿಲ್ಲ. ಮಕ್ಕಳು ಪುಸ್ತಕ ತೆರೆದು ತಿದ್ದಿಕೊಂಡರು. ಉಳಿದ ಪ್ರತಿಗಳಿಗೆ ಅಂಟಿಸಲೆಂದು ಒಪ್ಪೋಲೆಯ ಚೀಟಿಯನ್ನು ಪ್ರಕಾಶಕರಿಗೆ ಕಳುಹಿಸಿದೆ. ಕನೂತರಷ್ಟು ಗಣಿತ ನನಗೆ ತಿಳಿಯದು. ನಮ್ಮ ಊರಿನ ಪದ್ಧತಿಯಂತೆ, ಕೈಪಿಡಿಯಲ್ಲಿ ತಪ್ಪು ತೋರಿಸಿದವರಿಗೆ ಒಂದು ಡಬ್ಬಿ ಕುಂದಾ ಎಂದು ಸಾರಿದ್ದೇನೆ. ಈವರೆಗೆ ಮೂರು ಡಬ್ಬಿ ಹೋಗಿವೆ. ಮೂರನೆಯ ತಪ್ಪು ನಿಜವಾಗಿಯೂ ತಪ್ಪೇ ಎಂದು ಒಂದು ವಾರ ವಾದಿಸಿ ಸೋತೆ. ಅಳಿಯನ ಕಾಗದಕ್ಕೂ ಎರಡು ಸಾಲಿನ ಉತ್ತರ ಬಂದಿದೆ: ನೀವು ಹೇಳಿದುದು ಸರಿ, ಗ್ರಂಥವನ್ನು ತಿದ್ದುತ್ತೇವೆ. ಆ ಎರಡು ಸಾಲನ್ನು ಅಕ್ಕ ನೆರೆಹೊರೆಯವರಿಗೆಲ್ಲ ಓದಿಸಿದ್ದಾಳೆ.

ಮೊದಲನೆಯ ಡಬ್ಬಿ ಆ ಹುಡುಗಿಗೆ ಸಲ್ಲಬೇಕಾದುದು. ಅವಳ ಹಳ್ಳಿಯಲ್ಲಿ ವಿಚಾರಿಸಿದೆ. ಮದುವೆಯಾಗಿ ಹೋದಳೆಂದರು, ಮನೆಯವರೂ ಊರು ಬಿಟ್ಟಿದ್ದಾರೆ. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಇಷ್ಟು ತಿಳಿಯಲಿ: ಬಾಳ್ ಎಂದರೆ ಕತ್ತಿಯೇ, ತಂಗೀ. ನಿನ್ನ ಉತ್ತರ ಸರಿಯಾಗಿತ್ತು.